ಅಪ್‌ಡೇಟ್: ಮೇಲುಕೋಟೆಯ ವೈರಮುಡಿ ಮನೆ

ವರ್ಷಕ್ಕೊಮ್ಮೆ, ವೈರಮುಡಿ ಉತ್ಸವಕ್ಕಷ್ಟೇ ಬಾಗಿಲು ತೆರೆಯುವ ನಮ್ಮಜ್ಜನ ಹೆಂಚಿನ ಮನೆ ಎಷ್ಟು ಹಳೆಯದು, ಗೋಡೆಯ ತೇವಕ್ಕೆ ಏನು ಮಾಡಲಿ ಎಂದು ಕಳೆದ ವರ್ಷ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ನಮಸ್ಕಾರ.

ಮೊದಲು ನನ್ನ ತಪ್ಪು. ಹೆಂಚಿನ ಮೇಲೆ 1865 ಎಂದಿದ್ದುದರಿಂದ ಮನೆಯೇ ಆ ವರ್ಷದ್ದು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಅದು ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ವರ್ಷವಂತೆ; ಎಷ್ಟೋ ಕಾಲದ ನಂತರದ ಹೆಂಚುಗಳಲ್ಲೂ ಅದೇ ಅಚ್ಚು. ಕೊನೆಗೆ ದಾರಿ ತೋರಿಸಿದ್ದು ಅತ್ತೆಯ ಟ್ರಂಕಿನಲ್ಲಿದ್ದ ಕ್ರಯಪತ್ರ: ಅಜ್ಜನ ತಂದೆ 1924ರಲ್ಲಿ ಕೊಂಡಾಗಲೇ ಅದರಲ್ಲಿ ‘ಹಳೆಯ ಮನೆ’ ಎಂದು ಬರೆದಿದೆ. ಅದಕ್ಕೂ ಹಿಂದಿನದು ಸಿಕ್ಕಿಲ್ಲ.

ತೇವದ ಮೂಲ ಮಳೆಯಲ್ಲ, ಸಿಮೆಂಟು. ಇಪ್ಪತ್ತು ವರ್ಷದ ಹಿಂದೆ ನಾವೇ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿಸಿದ್ದೆವು. ಒಳಗಿನ ನೀರು ಆವಿಯಾಗಲು ದಾರಿಯಿಲ್ಲದೆ, ಅದರಲ್ಲಿ ಕರಗಿದ್ದ ಉಪ್ಪು ಗೋಡೆಯನ್ನು ಒಡೆದು ಬರುತ್ತಿತ್ತು. ಅದನ್ನು ಕಿತ್ತು, ಬೇಸಿಗೆಯಿಡೀ ಗೋಡೆಯನ್ನು ಬೆತ್ತಲೆ ಬಿಟ್ಟೆವು. ಆಮೇಲೆ ಗುಂಡಿಯಲ್ಲಿ ನೀರು ಹಾಕಿ ಅರಳಿಸಿದ ಸುಣ್ಣಕ್ಕೆ ಮರಳು ಸೇರಿಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರಿನಲ್ಲಿ ಕಲಸಿದ ಗಾರೆ. ವಯಸ್ಸಾದ ಮೇಸ್ತ್ರಿಯೊಬ್ಬರು ಕರಣೆಯಿಂದ ಅದನ್ನು ಎತ್ತಿ ಓರೆ ಮಾಡಿ, ಜಾರದೆ ನಿಂತರೆ ಮಾತ್ರ ಗೋಡೆಗೆ ಹಾಕುತ್ತಿದ್ದರು; ಇಲ್ಲದಿದ್ದರೆ ಮತ್ತೆ ಕಲಸು. ಬೇಗ ಒಣಗದಿರಲೆಂದು ಒದ್ದೆ ಗೋಣಿಚೀಲ ಹೊದಿಸಿದ್ದೆವು.

ಖರ್ಚು ಅಂದಾಜಿಗಿಂತ ದುಪ್ಪಟ್ಟಾಯಿತು, ಹೆಂಡತಿಗೆ ಇನ್ನೂ ಪೂರ್ತಿ ಹೇಳಿಲ್ಲ. ಅಡುಗೆಮನೆಯ ತೊಲೆ ಬಾಕಿ ಇದೆ.