ಬಡ್ಜಿ ಸ್ಮಗ್ಲರ್ಸ್ ಅಂದ್ರೆ ಯಾವ ಚಡ್ಡಿ?

ಬ್ರಿಸ್ಬೇನ್ ಬಸ್ಯ:
ಆಫೀಸ್ ಗ್ರೂಪಲ್ಲಿ ಒಬ್ರು ಶನಿವಾರ ಬೀಚಿಗೆ ಹೋಗೋಣ, ಎಲ್ರೂ ಬಡ್ಜಿ ಸ್ಮಗ್ಲರ್ಸ್ ತಗೊಂಡ್ ಬನ್ನಿ ಅಂತ ಹಾಕಿದಾರೆ. ಹೊಸದಾಗಿ ಆಸ್ಟ್ರೇಲಿಯಾಗೆ ಬಂದಿರೋ ನಮ್ಮ ಹುಡುಗ್ರು ಗಾಬರಿ ಬೀಳ್ಬೇಡಿ, ಗಂಡಸ್ರು ಈಜೋಕೆ ಹಾಕ್ಕೊಳ್ಳೋ ಯಾವ ಚಡ್ಡಿಗಾದ್ರೂ ಇಲ್ಲಿ ಹಂಗೇ ಅನ್ನೋದು. ಮಂಡಿ ತನಕ ಬರೋ ಶಾರ್ಟ್ಸ್ ಆದ್ರೂ ನಡಿಯತ್ತೆ.

ಮ್ಯಾನ್ಲಿ ಮಂಜ:
"ಯಾವ ಚಡ್ಡಿಗಾದ್ರೂ" ಅಂದ್ರಲ್ಲ, ಅದು ಶುದ್ಧ ತಪ್ಪು. ಮಂಡಿ ತನಕ ಬರೋದು ಬೋರ್ಡ್ ಶಾರ್ಟ್ಸ್. ಇದು ಮೈಗೆ ಅಂಟ್ಕೊಂಡು ತೊಡೆ ಪೂರ್ತಿ ಕಾಣೋ ಬ್ರೀಫ್‌ಗೆ ಮಾತ್ರ ಇರೋ ಹೆಸ್ರು. ಬಡ್ಜಿ ಅಂದ್ರೆ ಬಡ್ಜರಿಗಾರ್, ಸಣ್ಣ ಗಿಳಿ. ಅದನ್ನ ಚಡ್ಡಿ ಒಳಗೆ ಬಚ್ಚಿಟ್ಕೊಂಡು ಕಸ್ಟಮ್ಸ್ ದಾಟ್ತಿರೋನ ಥರ ಮುಂದುಗಡೆ ಉಬ್ಬಿರತ್ತೆ ಅಂತ ತಮಾಷೆ. ದೊಗಳೆ ಶಾರ್ಟ್ಸಲ್ಲಿ ಎಲ್ಲಿ ಉಬ್ಬು ಕಾಣತ್ತೆ? ಟೋನಿ ಅಬಾಟ್ ಫೋಟೋ ಹುಡುಕಿ ನೋಡಿ, 2013ರಲ್ಲಿ ಪ್ರಧಾನಿ ಆದ್ರಲ್ಲ ಅವ್ರು, ಕೆಂಪು ಚಡ್ಡಿ, ತಲೆ ಮೇಲೆ ಲೈಫ್ ಸೇವರ್‌ಗಳ ಕೆಂಪು ಹಳದಿ ಟೋಪಿ. ಬಡ್ಜಿ ಸ್ಮಗ್ಲರ್ ಅಂದ್ರೆ ಅದು.

ಉತ್ತರಹಳ್ಳಿ ಉಮೇಶ:
"ಸಣ್ಣ ಗಿಳಿ" ಅಂತ ಯಾರು ಹೇಳಿದ್ದು ನಿಮಗೆ? ಅದು ಲವ್ ಬರ್ಡ್ಸ್ ಸ್ವಾಮಿ. ನಮ್ಮನೇಲಿ ಸಾಕಿದೀವಿ, ಶಿವಾಜಿನಗರದಲ್ಲಿ ಜೋಡಿ ಲೆಕ್ಕದಲ್ಲಿ ಮಾರ್ತಾರೆ. ಗಿಳಿ ಸಾಕಿದ್ರೆ ಫಾರೆಸ್ಟ್‌ನೋರು ಬಂದು ಹಿಡೀತಾರೆ, ಲವ್ ಬರ್ಡ್ಸ್ ಸಾಕಿದ್ರೆ ಯಾರೂ ಕೇಳಲ್ಲ. ಅದು ಗಿಳಿ ಆಗಿದ್ರೆ ಕೇಸ್ ಆಗ್ತಿರ್ಲಿಲ್ವಾ?

ಹಕ್ಕಿ ಪ್ರಭಾಕರ:
ಉಮೇಶ್ ಅವ್ರೇ, 1972ರ ವನ್ಯಜೀವಿ ಕಾಯ್ದೆ ಇರೋದು ನಮ್ಮ ಕಾಡಿನ ಗಿಳಿಗಳಿಗೆ, ಬಡ್ಜಿ ಹೊರದೇಶದ ಹಕ್ಕಿ, ಅದಕ್ಕೇ ಯಾರೂ ಕೇಳಲ್ಲ, ಗಿಳಿ ಅಲ್ಲ ಅಂತಲ್ಲ. ಲವ್ ಬರ್ಡ್ ಅಂದ್ರೆ ಆಫ್ರಿಕಾದ್ದು, ದಪ್ಪ ಕೊಕ್ಕು, ಗಿಡ್ಡ ಬಾಲ. ಬಡ್ಜಿ ಆಸ್ಟ್ರೇಲಿಯಾದ ಒಣ ಬಯಲಿನದು, ಉದ್ದ ಬಾಲ, ತಲೆಯಿಂದ ರೆಕ್ಕೆ ತನಕ ಸಾಲುಸಾಲು ಕಪ್ಪು ಗೆರೆ. ಕೊಕ್ಕಿನ ಮೇಲೆ ಮೂಗಿನ ಹತ್ರ ಚರ್ಮ ನೋಡಿ, ಸಾಮಾನ್ಯವಾಗಿ ನೀಲಿ ಇದ್ರೆ ಗಂಡು, ಕಂದು ಇದ್ರೆ ಹೆಣ್ಣು. ನಿಮ್ಮನೇಲಿರೋದು ಬಡ್ಜೀನೇ.

ಉತ್ತರಹಳ್ಳಿ ಉಮೇಶ:
"ನಿಮ್ಮನೇಲಿರೋದು" ಅಂತ ನಮ್ಮನೆ ಪಂಜರ ನೋಡ್ದೇನೇ ಹೇಳ್ಬಿಟ್ರಾ? ಬೆಂಗಳೂರಿಂದ ಹುಬ್ಬಳ್ಳಿ ತನಕ ಯಾವ ಅಂಗಡೀಲಾದ್ರೂ ಹೋಗಿ ಬಡ್ಜಿ ಕೊಡಿ ಅನ್ನಿ, ಮುಖ ನೋಡ್ತಾರೆ. ಲವ್ ಬರ್ಡ್ಸ್ ಅಂದ್ರೆ ತಕ್ಷಣ ಇದನ್ನೇ ಕೊಡ್ತಾರೆ. ಜನ ಏನ್ ಕರೀತಾರೋ ಅದೇ ಹೆಸ್ರು.

ಬ್ರಿಸ್ಬೇನ್ ಬಸ್ಯ:
"ಜನ ಏನ್ ಕರೀತಾರೋ ಅದೇ ಹೆಸ್ರು", ನಾನು ಹೇಳಿದ್ದೂ ಅದೇ! ನಮ್ಮ ಕ್ವೀನ್ಸ್‌ಲೆಂಡಲ್ಲಿ ಈಜೋ ಬಟ್ಟೆಗೆ ಟಾಗ್ಸ್ ಅಂತಾರೆ, ಸಿಡ್ನೀಲಿ ಸ್ವಿಮ್ಮರ್ಸ್, ಕಾಸೀಸ್, ಮೆಲ್ಬರ್ನಲ್ಲಿ ಬೇದರ್ಸ್. ಊರೂರಿಗೂ ಮಾತು ಬೇರೆ ಆಗತ್ತೆ, ನಮ್ಮ ಆಫೀಸಲ್ಲಿ ಎಲ್ಲಾದಕ್ಕೂ ಬಡ್ಜಿ ಸ್ಮಗ್ಲರ್ಸ್ ಅಂತಾರೆ. ಮ್ಯಾನ್ಲಿಯೋರು ಬಂದು ತಿದ್ದೋದು ಬೇಡ.

ಮ್ಯಾನ್ಲಿ ಮಂಜ:
"ಊರೂರಿಗೂ ಬೇರೆ" ಆಗೋದು ಟಾಗ್ಸ್, ಬೇದರ್ಸ್ ಮಾತ್ರ, ಈ ಪದ ದೇಶಕ್ಕೆಲ್ಲ ಒಂದೇ. 2016ರಲ್ಲಿ ಆಕ್ಸ್‌ಫರ್ಡ್ ನಿಘಂಟಿಗೂ ಸೇರ್ತು. ಅದೇ ವರ್ಷ ಮಲೇಷ್ಯಾದ ಸೆಪಾಂಗ್ ರೇಸಲ್ಲಿ ಒಂಬತ್ತು ಜನ ಆಸ್ಟ್ರೇಲಿಯಾ ಹುಡುಗ್ರು ಬಟ್ಟೆ ಬಿಚ್ಚಿ ಮಲೇಷ್ಯಾ ಬಾವುಟದ ಚಡ್ಡೀಲಿ ನಿಂತು ಅರೆಸ್ಟ್ ಆದ್ರಲ್ಲ, ಪೇಪರ್‌ನೋರು ಅವ್ರನ್ನ ಬಡ್ಜಿ ನೈನ್ ಅಂದ್ರು. ಹಾಕ್ಕೊಂಡಿದ್ದು ಬ್ರೀಫ್ಸ್, ಮಂಡಿ ತನಕದ ಶಾರ್ಟ್ಸ್ ಅಲ್ಲ.

ಅಡಿಲೇಡ್ ವೀಣಾ:
"ಅರೆಸ್ಟ್ ಆದ್ರು" ಅಂತ ನೀವೇ ಹೇಳ್ತಿದೀರ ಮಂಜಣ್ಣ, ಅಂಥ ಪದಾನ ಹೆಂಗಸರೂ ಇರೋ ಆಫೀಸ್ ಗ್ರೂಪಲ್ಲಿ ಹಾಕೋದು ಸರೀನಾ? ಗಂಡಸರ ಅಂಗಾನ ಹಕ್ಕಿಗೆ ಹೋಲಿಸಿ ಮಾಡಿರೋ ಮಾತದು. ಗೆಳೆಯರ ಜೊತೆ ಏನಾದ್ರೂ ಅನ್ಕೊಳ್ಳಿ, ಕೆಲಸದ ಜಾಗದಲ್ಲಿ ಸ್ವಿಮ್ಮರ್ಸ್ ಅಂದ್ರೆ ಸಾಕು.

ಮ್ಯಾನ್ಲಿ ಮಂಜ:
ಅರೆಸ್ಟ್ ಆಗಿದ್ದು ಬಾವುಟಕ್ಕೆ ಅವಮಾನ ಆಯ್ತು ಅಂತ ಮೇಡಂ, ಪದಕ್ಕಲ್ಲ. ಇಲ್ಲಿ ಟೀವಿ ನ್ಯೂಸಲ್ಲೇ ಅಂತಾರೆ.

ಗರಡಿ ಗಂಗಾಧರ:
"ಹೆಂಗಸರೂ ಇರೋ" ಅಂತ ಯಾಕಮ್ಮ ಇಷ್ಟು ಸಂಕೋಚ. ಗರಡಿಮನೇಲಿ ಪೈಲ್ವಾನರು ಲಂಗೋಟಿ ಬಿಗಿದು ಊರ ಮುಂದೇನೇ ಕುಸ್ತಿ ಆಡ್ತಿದ್ರು, ಮೈಸೂರಲ್ಲಿ ದಸರಾ ಕುಸ್ತಿಗೆ ಎಷ್ಟ್ ಜನ ಸೇರ್ತಾರೆ ನೋಡಿ. ಅಲ್ಲಿ ಯಾರಾದ್ರೂ ಹಕ್ಕಿ ಪಕ್ಕಿ ಅಂತಾರಾ?

ಅಡಿಲೇಡ್ ವೀಣಾ:
"ಯಾರಾದ್ರೂ ಅಂತಾರಾ" ಅಂದ್ರಲ್ಲ, ನಾನ್ ಹೇಳಿದ್ದೂ ಅದನ್ನೇ. ಬಟ್ಟೆ ಬಗ್ಗೆ ನಂದೇನೂ ತಕರಾರಿಲ್ಲ, ಮಾತಿನ ಬಗ್ಗೆ ಇದೆ.

ಹಕ್ಕಿ ಪ್ರಭಾಕರ:
ಉಮೇಶ್ ಅವ್ರೇ, ಅಂಗಡಿಯೋನು ಹೇಳಿದ್ದೇ ಹೆಸರಾದ್ರೆ ನಿಜವಾದ ಲವ್ ಬರ್ಡ್ ಕೇಳೋರಿಗೆ ಅವನು ಏನ್ ಕೊಡ್ತಾನೆ? ಅದೂ ಅದೇ ಅಂಗಡೀಲಿ ಪಕ್ಕದ ಪಂಜರದಲ್ಲೇ ಇರತ್ತೆ, ಅದನ್ನ ಆಫ್ರಿಕನ್ ಅಂತ ಕೂಗ್ತಾರೆ, ರೇಟೂ ಜಾಸ್ತಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಗೊತ್ತಾಗತ್ತೆ.

ಉತ್ತರಹಳ್ಳಿ ಉಮೇಶ:
"ರೇಟೂ ಜಾಸ್ತಿ" ಅಂತ ನಮ್ ಹಕ್ಕಿ ಚೀಪ್ ಅಂತೀರಾ? ಇಲ್ಲಿ ಯಾರೂ ನಿಮ್ಮತ್ರ ಬೆಲೆ ಕೇಳಿರ್ಲಿಲ್ಲ. ನಾಕು ಫೋಟೋ ನೋಡ್ಕೊಂಡು ಪಾಠ ಮಾಡ್ಬೇಡಿ, ನಮ್ಮಮ್ಮ ದಿನಾ ಬೆಳಿಗ್ಗೆ ನವಣೆ ಹಾಕಿ ಸಾಕಿರೋ ಹಕ್ಕಿ ಅವು.

ಹಕ್ಕಿ ಪ್ರಭಾಕರ:
ನವಣೆ ತಿನ್ನತ್ತೆ ಅಂದ್ರಲ್ಲ, ಬಡ್ಜಿಗೆ ಅದೇ ಇಷ್ಟ. ಕಾಡಲ್ಲೂ ಹುಲ್ಲಿನ ಬೀಜಾನೇ ತಿನ್ನೋದು.

ಉತ್ತರಹಳ್ಳಿ ಉಮೇಶ:
ನವಣೆ ಗುಬ್ಬಚ್ಚೀನೂ ತಿನ್ನತ್ತೆ, ಅದೂ ಬಡ್ಜೀನಾ?

ಬ್ರಿಸ್ಬೇನ್ ಬಸ್ಯ:
ಹಕ್ಕಿ ವಿಷಯ ಬೇರೆ ಕಡೆ ಮಾತಾಡ್ಕೊಳಿ ಇಬ್ರೂ. ಮಂಜ, 2016ರ ನಿಘಂಟು ಅಂದ್ರಿ, ಅದಾದ್ಮೇಲೆ ಮಾತು ಬದಲಾಗೋದೇ ಇಲ್ವಾ? ನಾನು ಶನಿವಾರ ಬೋರ್ಡ್ ಶಾರ್ಟ್ಸಲ್ಲೇ ಹೋಗ್ತೀನಿ, ಒಬ್ರಾದ್ರೂ ಏನಾದ್ರೂ ಅಂತಾರಾ ನೋಡೋಣ.

ಮ್ಯಾನ್ಲಿ ಮಂಜ:
ಏನೂ ಅನ್ನಲ್ಲ, ಬೀಚಿಗೆ ಬೋರ್ಡ್ ಶಾರ್ಟ್ಸ್ ಎಲ್ರೂ ಹಾಕ್ಕೋತಾರೆ. ಅದನ್ನ ತೋರಿಸಿ ಇದು ನನ್ನ ಬಡ್ಜಿ ಸ್ಮಗ್ಲರ್ಸ್ ಅನ್ನಿ, ಆಗ ಅಂತಾರೆ.

ಉತ್ತರಹಳ್ಳಿ ಉಮೇಶ:
ಪ್ರಭಾಕರ್, ಗುಬ್ಬಚ್ಚಿಗೆ ಉತ್ತರ ಬರ್ಲಿಲ್ಲ ಇನ್ನೂ.