ಎದಿ ಉರಿಗೆ ಗುಳಿಗಿ: ಯಾವುದು, ಯಾವಾಗ, ಎಷ್ಟು ದಿನ?

ಗದಗಿನವ:
ರಾತ್ರಿ ಮಿರ್ಚಿ-ಗಿರ್ಮಿಟ್ ಆದ ಮ್ಯಾಲ ಎದಿ ಉರಿ, ಹುಳಿ ತೇಗು. ಆವಾಗ ಪ್ಯಾಂಟೊಪ್ರಜೋಲ್ 40 ನುಂಗಿದ್ರ ತಾಸಾದ್ರೂ ಇಳಿಯೂದಿಲ್ಲ. ಗುಲಾಬಿ ಸಿರಪ್ ಕುಡದ್ರ ಹತ್ತು ನಿಮಿಷದಾಗ ಆರಾಮ, ಮತ್ತ ಶುರು. ಎರಡೂ ಕೂಡಿಸಿ ತಗೋಬಹುದೇನ್ರಿ? ಮುಂಜಾನೆ ಥೈರಾಯ್ಡ್ ಗುಳಿಗಿನೂ ಐತಿ.

ಹುಬ್ಬಳ್ಳಿ ಫಾರ್ಮಸಿ:
ಗುಳಿಗಿ ತಪ್ಪಲ್ರಿ, ಹೊತ್ತು ತಪ್ಪೈತಿ. ಪ್ಯಾಂಟೊಪ್ರಜೋಲ್, ಓಮೆಪ್ರಜೋಲ್, ರಾಬೆಪ್ರಜೋಲ್ ಇವು ಹೊಟ್ಟ್ಯಾಗ ಆಗಲೇ ಇರೂ ಆಮ್ಲಕ್ಕ ಏನೂ ಮಾಡೂದಿಲ್ಲ. ಆಮ್ಲ ಸುರಿಸೂ ಪಂಪ್ ಬಂದ್ ಮಾಡ್ತಾವು. ಊಟಕ್ಕ ಪಂಪ್ ಚಾಲೂ ಆಗೂ ಮುಂದ ಔಷಧ ರಕ್ತದಾಗ ಇರಬೇಕು. ಅದಕ್ಕ ನಾಷ್ಟಾಕ್ಕ 30ರಿಂದ 60 ನಿಮಿಷ ಮೊದಲ, ಖಾಲಿ ಹೊಟ್ಟಿಲೆ, ದಿನಕ್ಕ ಒಂದು. ಪೂರ್ತಿ ಗುಣ ಕಾಣಾಕ 1ರಿಂದ 4 ದಿನ ಹಿಡೀತೈತಿ. ಅಗೀಬ್ಯಾಡ್ರಿ, ಕುಟ್ಟಬ್ಯಾಡ್ರಿ, ಮ್ಯಾಲಿನ ಲೇಪ ಒಡದ್ರ ಔಷಧ ಹೊಟ್ಟಿ ಆಮ್ಲದಾಗ ಕೆಡ್ತೈತಿ.

ಸ್ಟ್ರಿಪ್ ಮ್ಯಾಲ ಆರ್‌ಎಕ್ಸ್ (Rx) ಗುರುತು ನೋಡ್ರಿ. ಕೇಳಿದ ಕೂಡ್ಲೆ ಕೌಂಟರ್‌ನಾಗ ಕೊಟ್ರೂ ಅದು ಚೀಟಿ ಔಷಧನ. ಡಾಕ್ಟರ್ ಹೇಳಲಾರದ 14 ದಿನ ದಾಟಿಸಬ್ಯಾಡ್ರಿ.

ಸಿರಪ್ ಇದ್ದ ಆಮ್ಲವನ್ನ ತಣ್ಣಗ ಮಾಡ್ತೈತಿ, ಅಷ್ಟ. ಖಾಲಿ ಹೊಟ್ಟಿಗೆ ಅರ್ಧ ತಾಸು ನಿಲ್ತೈತಿ, ಊಟಾಗಿ ಒಂದು ತಾಸಿಗೆ ಕುಡದ್ರ ಹೆಚ್ಚು ಹೊತ್ತು. ಬಾಟ್ಲಿ ಚೊಲೋತ್ನ್ಯಾಗ ಅಲುಗಾಡಸ್ರಿ. ಗುಳಿಗಿ ಹತ್ತೂತನಕ ನಡುವ ಇದನ್ನ ತಗೋಬಹುದು. ಅದರಾಗಿನ ಮೆಗ್ನೀಸಿಯಂ ಭೇದಿ ಮಾಡ್ತೈತಿ, ಅಲ್ಯುಮಿನಿಯಂ ಮಲಬದ್ಧತೆ. ಕಿಡ್ನಿ ತೊಂದರಿ ಇದ್ದವರಿಗೆ ಬ್ಯಾಡ. ಥೈರಾಯ್ಡ್ ಗುಳಿಗಿಗೂ ಸಿರಪ್‌ಗೂ 4 ತಾಸು ಅಂತರ ಬೇಕು, ಇಲ್ಲಂದ್ರ ಥೈರಾಯ್ಡ್ ಔಷಧ ಕರುಳಿನ್ಯಾಗ ಹೀರೂದಿಲ್ಲ. ಪ್ಯಾಂಟೊಪ್ರಜೋಲ್ ಬಹಳ ದಿನ ನಡದ್ರ ಟಿಎಸ್‌ಎಚ್ (ಥೈರಾಯ್ಡ್ ಮಟ್ಟ ತೋರ್ಸೂ ರಕ್ತ) ತಪಾಸಣಿ ಮಾಡಸ್ರಿ.

ಹಾವೇರಿ:
ಅಪರೂಪಕ್ಕ ರಾತ್ರಿ ಅಷ್ಟ ಉರಿದ್ರ ಆಮ್ಲ ಕಡಿಮಿ ಮಾಡೂ ಇನ್ನೊಂದು ತರದ ಗುಳಿಗಿ ಫ್ಯಾಮೊಟಿಡಿನ್ 20 ಸಾಕ್ರಿ. ಖಾರದ ಊಟಕ್ಕ ಅರ್ಧ-ಒಂದು ತಾಸು ಮೊದಲ ತಗೊಂಡ್ರ 10-12 ತಾಸು ಕಾಯ್ತೈತಿ. ದಿನಕ್ಕ ಎರಡರ ಮ್ಯಾಲ ಬ್ಯಾಡ. ದಿನಾ ನುಂಗಿದ್ರ ಅದರ ಹಿಡಿತ ಸಡಲ್ತೈತಿ.

ಗುಳಿಗಿ ಹೆಸರಿನ ಕಡಿಗೆ ‘ಡಿ’ ಅಥವಾ ‘ಡಿಎಸ್‌ಆರ್’ ಇದ್ರ ಅದರಾಗ ವಾಂತಿ ತಡಿಯೂ ಡೊಂಪೆರಿಡೋನ್ ಕೂಡೈತಿ. ಬರೇ ಉರಿಗೆ ಅದು ಬೇಕಿಲ್ಲ, ಹೃದಯದ ಬಡಿತ ಏರುಪೇರು ಮಾಡೂ ಔಷಧ. ರಕ್ತ ಹೆಪ್ಪುಗಟ್ಟದಂಗ ಮಾಡೂ ಕ್ಲೊಪಿಡೊಗ್ರೆಲ್ ತಗೊಳ್ಳೋರು ಓಮೆಪ್ರಜೋಲ್ ಮುಟ್ಟಬಾರದು. ಈನೋದಾಗ ಸೋಡಿಯಂ ಬಹಳ, ಬಿಪಿ ಇದ್ದವರು ದಿನಾ ಕುಡಿಯೂದಲ್ಲ. ಮತ್ತ ಮೊಣಕಾಲು ನೋವಿಗೆ ಡೈಕ್ಲೊಫೆನಾಕ್ ನಡದೈತೇನು ನೋಡ್ರಿ. ಉರಿಯ ಮೂಲ ಅಲ್ಲೇ ಇರಬಹುದು.

ಗದಗಿನವ:
ಎರಡ್ಮೂರು ತಿಂಗಳು ನುಂಗಿ ಒಮ್ಮೆಲೆ ಬಿಟ್ರ ಉರಿ ಜೋರಾಗ್ತೈತಂತಲ್ರಿ?

ಹುಬ್ಬಳ್ಳಿ ಫಾರ್ಮಸಿ:
ಖರೇನ. ಬಂದ್ ಆಗಿದ್ದ ಪಂಪ್ ತಿರುಗಿ ಜೋರಿಲೆ ಸುರಿಸ್ತಾವು, ಒಂದೆರಡು ವಾರ ಉರೀತೈತಿ. ರೋಗ ಬಂತಂತ ಮತ್ತ ಗುಳಿಗಿ ಹಿಡಿತಾರ, ಅಲ್ಲೇ ಸಿಕ್ಕೊಂತಾರ. ಡಾಕ್ಟರ್ನ ಕೇಳಿ ದಿನ ಬಿಟ್ಟು ದಿನ ಮಾಡ್ಕೋತ ಇಳಸ್ರಿ, ನಡುವ ಸಿರಪ್ ಇರ್ಲಿ.

ಧಾರವಾಡ:
ಗುಳಿಗಿಗಿಂತ ಮೊದಲ ಮಂಚದ ತಲಿ ಕಡಿ ಕಾಲಿಗೆ ಆರು ಇಂಚು ಇಟ್ಟಂಗಿ ಇಡ್ರಿ. ದಿಂಬು ಏರಿಸಿದ್ರ ನಡ ಮಡಚಿ ಹೊಟ್ಟಿ ಒತ್ತತೈತಿ, ಉಪಯೋಗಿಲ್ಲ. ಊಟಕ್ಕೂ ಮಲಗೂದಕ್ಕೂ ಮೂರು ತಾಸು. ಕರ್ರಗ ಮಲ, ರಕ್ತ ವಾಂತಿ, ನುಂಗಾಕ ತ್ರಾಸು, ತೂಕ ಇಳಿಯೂದು ಕಂಡ್ರ ಎಂಡೊಸ್ಕೋಪಿಗೆ (ನಳಿಗಿ ಹಾಕಿ ಹೊಟ್ಟಿ ಒಳಗ ನೋಡೂ ತಪಾಸಣಿ) ತಡ ಮಾಡಬ್ಯಾಡ್ರಿ. ಎದಿ ಒತ್ತಿ ಹಿಡದು ಎಡಗೈ ಇಲ್ಲಾ ದವಡಿಗೆ ಸೆಳೆದು ಬೆವರು ಒಡದ್ರ ಈನೋ ಕದಡ್ಕೋತ ಕುಂದ್ರಬ್ಯಾಡ್ರಿ, 108ಕ್ಕ ಫೋನ್ ಹಚ್ರಿ.