ಆರು ಊರು ಬೇಡ ಅಕ್ಕ, ಎರಡು ಹೋಟೆಲ್ ನೋಡಿ ಆರಿಸ್ಕೊಳ್ಳಿ

ಅಕ್ಕಾ, ಭಾವ ಗ್ರೂಪಲ್ಲಿ ಹಾಕಿದ್ ಟ್ರಾವೆಲ್ ಏಜೆಂಟ್ ಲಿಸ್ಟ್ ಪೂರ್ತಿ ನೋಡ್ದೆ. ಜನವರಿಲಿ ಹನ್ನೊಂದು ದಿನ, ನಿಮ್ಮ ಇಪ್ಪತ್ತೈದನೇ ಆನಿವರ್ಸರಿ, ನೀನು ಭಾವ ಪುಟ್ಟಿ ಮತ್ತೆ ನಿಮ್ಮತ್ತೆಯವ್ರು ಸೇರಿ ನಾಲ್ಕು ಜನ, ಅದಕ್ಕೆ ಅವ್ನು ಹಾಕಿರೋದು ಆರು ಊರು ಆರು ಹೋಟೆಲು, ಹನೋಯ್, ಕಾಂಬೋಡಿಯಾದ ಸಿಯೆಮ್ ರೀಪ್, ಬ್ಯಾಂಕಾಕ್, ಮಲೇಷ್ಯಾದ ಪೆನಾಂಗ್, ಸಿಂಗಾಪುರ, ಬಾಲಿ. ನೀನು ಕೇಳಿದ್ದು "ಜೀವನದಲ್ಲಿ ಒಂದ್ಸಲ ಖರ್ಚು ಮಾಡ್ತಿದೀವಿ, ಎಲ್ ಹೋದ್ರೂ ಒಂದೇ ಥರ ಇರೋ ಗಾಜಿನ ಬಿಲ್ಡಿಂಗ್ ಬೇಡ, ಆ ಊರಿನ ಕಳೆ ಇರೋಂಥ ಜಾಗ ಹೇಳು" ಅಂತ. ಅದ್ರ ಕೆಳಗೇ ಚಿಕ್ಕಪ್ಪ "ರಾತ್ರಿ ಮಲಗೋಕೆ ಅಷ್ಟೊಂದು ದುಡ್ಡಾ" ಅಂತ ಕೇಳಿದಾರೆ. ಇಬ್ರಿಗೂ ಸೇರ್ಸೇ ಹೇಳ್ಬಿಡ್ತೀನಿ, ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ.

ಚಿಕ್ಕಪ್ಪ ಕೇಳಿರೋದು ನ್ಯಾಯವಾಗೇ ಇದೆ. ಬೆಳಿಗ್ಗೆ ಏಳಕ್ಕೆ ವ್ಯಾನ್ ಹತ್ತಿ ರಾತ್ರಿ ಒಂಬತ್ತಕ್ಕೆ ಕಾಲೆಳ್ಕೊಂಡು ವಾಪಸ್ ಬರೋ ಟ್ರಿಪ್ಪಿಗೆ ಇಂಥ ಹೋಟೆಲ್ ತಗೊಂಡ್ರೆ ದುಡ್ಡು ದಂಡ, ಅದ್ರಲ್ಲಿ ಎರಡು ಮಾತಿಲ್ಲ. ಅದಕ್ಕೇ ನಾನು ಹೇಳೋದು ಊರು ಕಡಿಮೆ ಮಾಡಿ. ಬ್ಯಾಂಕಾಕ್, ಪೆನಾಂಗ್, ಆಮೇಲೆ ಸಿಂಗಾಪುರ, ಮುಗೀತು. ಸಿಂಗಾಪುರದಲ್ಲಿ ಹೋಟೆಲ್ ವಿಷ್ಯ ಎತ್ಲೇಬೇಡಿ, ನಮ್ಮನೆ ಇರ್ಬೇಕಾದ್ರೆ ನೀವು ಹೋಟೆಲಲ್ಲಿ ಇಳ್ಕೊಂಡ್ರೆ ಅಮ್ಮ ನನ್ ಹತ್ರ ಮಾತು ಬಿಡ್ತಾಳೆ. ಅಲ್ಲಿ ಉಳಿಯೋ ದುಡ್ಡು ತಗೊಂಡು ಬ್ಯಾಂಕಾಕಲ್ಲಿ ಒಂದು, ಪೆನಾಂಗಲ್ಲಿ ಒಂದು ಒಳ್ಳೇ ಜಾಗಕ್ಕೆ ಹಾಕಿ, ಒಂದೊಂದು ಕಡೆ ನಾಲ್ಕು ರಾತ್ರಿ ಇರಿ, ಮಧ್ಯಾಹ್ನ ಎಲ್ಲೂ ಸುತ್ತೋಕೆ ಹೋಗ್ಬೇಡಿ, ಹೋಟೆಲಲ್ಲೇ ಇರಿ. ಅವಾಗ ಆ ಕಟ್ಟಡಕ್ಕೆ ಕೊಟ್ಟ ದುಡ್ಡಿಗೆ ಅರ್ಥ ಇರುತ್ತೆ.

ಬಾಲಿ ಯಾಕೆ ಬೇಡ ಅಂದ್ರೆ ಜನವರಿ ಅಲ್ಲಿ ಜೋರು ಮಳೆಗಾಲ. ಹನೋಯ್ ಆ ಟೈಮಲ್ಲಿ ಚಳಿ, ಮೋಡ, ಜಿನುಗು, ಅತ್ತೆಯವ್ರಿಗೆ ಕಷ್ಟ. ಹನೋಯ್‌ದು ಮೆಟ್ರೊಪೋಲ್ ಹೋಟೆಲ್ ನಂಗೆ ತುಂಬಾ ಇಷ್ಟ, 1901ರದ್ದು, ವಿಯೆಟ್ನಾಂ ಯುದ್ಧದ ಟೈಮಲ್ಲಿ ಬಾಂಬ್ ಬೀಳೋವಾಗ ಗೆಸ್ಟ್‌ಗಳು ಅಡಗ್ಕೊಳ್ತಿದ್ದ ಬಂಕರ್ 2011ರಲ್ಲಿ ಹೋಟೆಲ್ ಬಾರ್ ಕೆಳಗೇ ಸಿಕ್ತು, ಅದನ್ನ ಈಗ ಕರ್ಕೊಂಡ್ ಹೋಗಿ ತೋರಿಸ್ತಾರೆ. ಅದು ನೀನು ಭಾವ ಇಬ್ರೇ ಇನ್ನೊಂದ್ಸಲ ಹೋಗೋಕೆ ಇಟ್ಕೊಳ್ಳಿ. ಸಿಯೆಮ್ ರೀಪ್ ಅಂದ್ರೆ ಅಂಗ್‌ಕೋರ್ ದೇವಸ್ಥಾನಗಳು, ಅಲ್ಲಿ ಹತ್ತೋದು ಇಳಿಯೋದು ಬಿಟ್ರೆ ಬೇರೇನಿಲ್ಲ, ಅತ್ತೆಯವ್ರ ಮೊಣಕಾಲು ನೆನೆಸ್ಕೊಳ್ಳಿ.

ಈಗ ಬ್ಯಾಂಕಾಕ್. ಏಜೆಂಟ್ ಹಾಕಿರೋದು ಓರಿಯೆಂಟಲ್, ಈಗ ಮ್ಯಾಂಡರಿನ್ ಓರಿಯೆಂಟಲ್ ಅಂತಾರಲ್ಲ ಅದು. ಒಳ್ಳೇ ಹೋಟೆಲ್ಲೇ, 1876ರಿಂದ ಚಾವೊ ಪ್ರಾಯಾ ನದಿ ದಡದಲ್ಲಿದೆ, ಸರ್ವಿಸ್ ಬಗ್ಗೆ ಜಗತ್ತೆಲ್ಲ ಮಾತಾಡ್ತಾರೆ. ಆದ್ರೆ ಒಂದು ವಿಷ್ಯ ಗಮನಿಸಿ, ಫೋಟೋದಲ್ಲಿ ಎಲ್ರೂ ತೋರ್ಸೋ ಆ ಬಿಳೀ ಹಳೇ ಕಟ್ಟಡದಲ್ಲಿ ಇರೋದು ಕೆಲವೇ ಸ್ವೀಟ್‌ಗಳು, ಅಂದ್ರೆ ಕೂರೋ ಜಾಗಾನೂ ಸೇರಿರೋ ದೊಡ್ಡ ರೂಮುಗಳು, ಬಾಕಿ ರೂಮುಗಳು ಜಾಸ್ತಿ ಇರೋದು ಆಮೇಲೆ ಕಟ್ಟಿದ ಎತ್ತರದ ರಿವರ್ ವಿಂಗಲ್ಲಿ. ಅಲ್ಲಿಂದ ನದಿ ಚೆನ್ನಾಗಿ ಕಾಣುತ್ತೆ ನಿಜ, ನಿಂಗೆ ಬೇಕಾಗಿರೋ ಹಳೇ ಮನೆ ಅನುಭವ ಮಾತ್ರ ಅಲ್ಲಿ ಸಿಗಲ್ಲ. ಆ ಹಳೇ ಕಟ್ಟಡದಲ್ಲಿರೋ ಆಥರ್ಸ್ ಲೌಂಜಲ್ಲಿ ಮಧ್ಯಾಹ್ನದ ಟೀಗೆ ಹೊರಗಿನವ್ರೂ ಹೋಗ್ಬಹುದು, ಮುಂಚೆ ಬುಕ್ ಮಾಡ್ಬೇಕು, ಭಾವಂಗೆ ಹೇಳು ಚಡ್ಡಿ ಚಪ್ಪಲಿಲಿ ಒಳಗೆ ಬಿಡಲ್ಲ. ಒಂದು ಮಧ್ಯಾಹ್ನ ಅಲ್ಲಿ ಕೂತ್ಕೊಂಡು ಬಂದ್ರೆ ಆ ಕಟ್ಟಡದ ಸೊಗಸು ಸಿಕ್ಕಂಗೇ.

ಉಳ್ಕೊಳ್ಳೋಕೆ ನಾನು ಹೇಳೋದು ಚಕ್ರಬೊಂಗ್ಸೆ ವಿಲ್ಲಾಸ್. ಅದೇ ನದಿ, ಇನ್ನೂ ಮೇಲೆ, ಹಳೇ ಬ್ಯಾಂಕಾಕಲ್ಲಿ. 1908ರಲ್ಲಿ ಚಕ್ರಬೊಂಗ್ಸೆ ಅನ್ನೋ ರಾಜಕುಮಾರ ಕಟ್ಟಿಸಿದ ಮನೆ ಇರೋ ಕಾಂಪೌಂಡು ಅದು, ಆ ಕಾಲಕ್ಕೇ ರಷ್ಯಾಗೆ ಓದೋಕೆ ಹೋಗಿ ಅಲ್ಲಿನ ಹುಡುಗೀನ ಮದ್ವೆ ಆಗಿ ಬಂದೋರು ಅವ್ರು, ಈಗ್ಲೂ ಜಾಗ ಅವ್ರ ಮೊಮ್ಮಗಳದ್ದೇ. ದೊಡ್ಡ ಮನೆ ಮನೆಯವ್ರಿಗೆ, ಸುತ್ತ ತೋಟದಲ್ಲಿ ಬೆರಳೆಣಿಕೆಯಷ್ಟು ವಿಲ್ಲಾಗಳು ಗೆಸ್ಟ್‌ಗಳಿಗೆ. ಊಟದ ಕಟ್ಟೆ ನದಿ ಮೇಲೇ ಇದೆ, ಎದುರು ದಡದಲ್ಲಿ ನೇರವಾಗಿ ವಾಟ್ ಅರುಣ್ ಅನ್ನೋ ಬೌದ್ಧ ದೇವಸ್ಥಾನ, ಸಂಜೆ ದೀಪ ಹಾಕಿದ್ ಮೇಲೆ ಆ ಗೋಪುರ ನೋಡ್ತಾ ಕೂತ್ರೆ ಪುಟ್ಟಿ ಕೂಡ ಫೋನ್ ಕೆಳಗಿಡ್ತಾಳೆ ನೋಡು. ಮಲಗಿರೋ ಬುದ್ಧನ ವಾಟ್ ಫೋ ನಡ್ಕೊಂಡೇ ಹೋಗೋಷ್ಟು ಹತ್ರ, ಸನಾಮ್ ಚಾಯ್ ಮೆಟ್ರೊ ಸ್ಟೇಷನ್ನೂ ಹತ್ರ, 2019ರಲ್ಲಿ ಆಗಿದ್ದು, ಹಂಗಾಗಿ ಟ್ರಾಫಿಕ್ಕಲ್ಲಿ ಸಿಕ್ಕಾಕೊಳ್ಳೋ ಗೋಳಿಲ್ಲ. ಓರಿಯೆಂಟಲ್‌ಗೆ ಟೀಗೆ ಹೋಗೋಕೂ ದೋಣೀಲೇ ಹೋಗ್ಬಹುದು, ಓರಿಯೆಂಟಲ್ ಅಂತಲೇ ಒಂದು ಸ್ಟಾಪ್ ಇದೆ. ರೂಮು ಕಡಿಮೆ ಇರೋದ್ರಿಂದ ಜನವರಿಗೆ ಬೇಗ ತುಂಬೋಗುತ್ತೆ, ಅಲ್ಲಿ ಹವಾಮಾನ ಚೆನ್ನಾಗಿರೋ ಕಾಲ ಅದೇ ಆದ್ರಿಂದ ಎಲ್ರೂ ಅವಾಗ್ಲೇ ಬರ್ತಾರೆ.

ಪೆನಾಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಏಜೆಂಟ್ ಅಲ್ಲಿ ಬೀಚ್ ಕಡೆ ಯಾವ್ದೋ ಟವರ್ ಹಾಕ್ಬಿಟ್ಟಿದಾನೆ, ಊರಿನ ಜೀವ ಇರೋದು ಹಳೇ ಪೇಟೆ ಜಾರ್ಜ್ ಟೌನಲ್ಲಿ. 2008ರಲ್ಲಿ ಮೆಲಾಕಾ ಅನ್ನೋ ಇನ್ನೊಂದು ಹಳೇ ಊರಿನ ಜೊತೆ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ ಊರದು. ಅಲ್ಲಿ ನಂಗೆ ಎಲ್ಲಕ್ಕಿಂತ ಇಷ್ಟ ಚಿಯೋಂಗ್ ಫಾಟ್ ಟ್ಸೆ ಮಾನ್ಷನ್, ಎಲ್ರೂ ಬ್ಲೂ ಮಾನ್ಷನ್ ಅಂತಾರೆ, ಹಳೇ ಬಂಗ್ಲೆ, ಈಗ ಹೋಟೆಲು. ಅದನ್ನ ಕಟ್ಟಿಸಿದ ಚಿಯೋಂಗ್ ಫಾಟ್ ಟ್ಸೆ ಚೀನಾದಿಂದ ಬರಿಗೈಲಿ ಜಾವಾಗೆ ಬಂದು, ವ್ಯಾಪಾರದಲ್ಲಿ ಬೆಳ್ದು, ಪೆನಾಂಗಲ್ಲಿ ಚೀನಾದ ಕಾನ್ಸಲ್, ಅಂದ್ರೆ ಸರ್ಕಾರದ ಪ್ರತಿನಿಧಿ, ಆಗೋವರೆಗೂ ಹೋದೋರು. ಮನೆ ಪೂರ್ತಿ ನೀಲಿ, ಸುಣ್ಣಕ್ಕೆ ನೀಲಿ ಸೊಪ್ಪಿನ ಬಣ್ಣ ಬೆರೆಸಿ ಬಳಿದಿರೋದು, ಆ ನೀಲಿ ಆ ಕಾಲಕ್ಕೆ ನಮ್ಮ ಇಂಡಿಯಾದಿಂದಾನೇ ಹೋಗ್ತಿತ್ತಂತೆ. ಪೇಂಟ್ ಥರ ಹೊಳೆಯಲ್ಲ ಅದು, ಗೋಡೆ ಹತ್ರ ನಿಂತ್ಕೊಂಡು ನೋಡಿದ್ರೆ ಒಂದ್ಕಡೆ ಗಾಢ, ಒಂದ್ಕಡೆ ತೆಳು, ಮಳೆ ಬಂದಾಗ ಬಣ್ಣ ಇನ್ನೂ ಕಪ್ಪಾಗುತ್ತೆ. ಒಳಗೆ 38 ಕೋಣೆ, 220 ಕಿಟಕಿ, ಕಲ್ಲು ಹಾಸಿದ ಐದು ಅಂಗಳ. ಅತ್ತೆಯವ್ರು ಹುಟ್ಟಿ ಬೆಳೆದ ತೊಟ್ಟಿಮನೆ ಇದ್ಯಲ್ಲ, ಮಧ್ಯೆ ಆಕಾಶ ಕಾಣೋದು, ಮಳೆ ನೀರು ಒಳಗೇ ಬೀಳೋದು, ಅದೇ ಲೆಕ್ಕ, ಆ ನೀರು ಮನೆಗೆ ಸಂಪತ್ತು ತರುತ್ತೆ ಅನ್ನೋದು ಚೀನೀಯರ ನಂಬಿಕೆ. ತಲೆ ಎತ್ತಿ ಸೂರು ನೋಡಿ, ಅಲ್ಲಿರೋ ಹೂವು ಹಕ್ಕಿ ಎಲ್ಲ ಬಣ್ಣದ ಪಿಂಗಾಣಿ ಬಟ್ಟಲುಗಳನ್ನ ಕತ್ತರಿಸಿ ಕತ್ತರಿಸಿ ಚೂರು ಅಂಟಿಸಿ ಮಾಡಿರೋದು. ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿಂದ ಬಂದಿದ್ದು, ನೆಲದ ಟೈಲ್ಸ್ ಇಂಗ್ಲೆಂಡಿಂದ.

ಚಿಯೋಂಗ್ ಫಾಟ್ ಟ್ಸೆ 1916ರಲ್ಲಿ ತೀರ್ಕೊಂಡ್ರು, ಕೊನೇ ಮಗ ಇರೋವರೆಗೂ ಮನೆ ಮಾರಬಾರ್ದು ಅಂತ ವಿಲ್ ಬರೆದಿಟ್ಟಿದ್ರು, ಆ ಮಗ ಹೋಗಿದ್ದು 1989ರಲ್ಲಿ. ಅಷ್ಟೊತ್ತಿಗೆ ಮನೆ ಹಾಳು ಸುರಿಯೋ ಸ್ಥಿತಿ, ಬಾಡಿಗೆ ಸಂಸಾರಗಳು ತುಂಬ್ಕೊಂಡಿದ್ವು. ಊರಿನ ಆರ್ಕಿಟೆಕ್ಟ್ ಲಾರೆನ್ಸ್ ಲೋ ಮತ್ತೆ ಕೆಲವ್ರು ಸೇರಿ ಕೊಂಡ್ಕೊಂಡು, ವರ್ಷಗಟ್ಲೆ ಕೂತು, ಹಳೇ ಕಾಲದ ಕುಶಲಕರ್ಮಿಗಳನ್ನ ಹುಡುಕಿ ರಿಪೇರಿ ಮಾಡಿಸಿದ್ರು, 2000ದಲ್ಲಿ ಯುನೆಸ್ಕೊ ಅವಾರ್ಡ್ ಬಂತು. ಇಂಥ ಕಡೆ ಕೊಡೋ ದುಡ್ಡಲ್ಲಿ ಆ ಮನೆ ನಿಂತಿದೆ ಅಕ್ಕ, ಅದಕ್ಕೇ ನಂಗೆ ಇದ್ರ ಮೇಲೆ ಇಷ್ಟು ಪ್ರೀತಿ.

ಆದ್ರೆ ನಾಲ್ಕೂ ಜನ ನಾಲ್ಕೂ ರಾತ್ರಿ ಅಲ್ಲೇ ಇರಿ ಅಂತ ಹೇಳಲ್ಲ. ಹಳೇ ಮನೆ, ಮರದ ಮೆಟ್ಟಿಲು, ದಿನಾ ಟೂರ್ ನೋಡೋಕೆ ಹೊರಗಿನ ಜನ ಬರ್ತಾರೆ, ಅತ್ತೆಯವ್ರಿಗೆ ಮಧ್ಯಾಹ್ನ ಮಲಗೋಕೆ ಕಿರಿಕಿರಿ. ಎಲ್ರಿಗೂ ಈಸ್ಟರ್ನ್ ಅಂಡ್ ಓರಿಯೆಂಟಲ್ ಅಂದ್ರೆ ಇ ಅಂಡ್ ಒ ಹೋಟೆಲ್ ತಗೊಳ್ಳಿ, ಅಲ್ಲಿಂದ ಬ್ಲೂ ಮಾನ್ಷನ್ನಿಗೆ ನಡ್ಕೊಂಡು ಸ್ವಲ್ಪ ದೂರ ಅಷ್ಟೆ. 1885ರ ಹೋಟೆಲ್, ಸಮುದ್ರಕ್ಕೆ ಮುಖ ಮಾಡಿ ಉದ್ದಕ್ಕೆ ಹುಲ್ಲುಹಾಸು, ಲಿಫ್ಟ್ ಇದೆ, ರೂಮು ಅಂದ್ರೆ ವಿಶಾಲವಾದ ಸ್ವೀಟು, ಅತ್ತೆಯವ್ರು ಕಿಟಕಿ ಹತ್ರ ಕುರ್ಚಿ ಹಾಕ್ಕೊಂಡು ಹಡಗು ನೋಡ್ತಾ ವಿಷ್ಣು ಸಹಸ್ರನಾಮ ಹೇಳ್ಕೋಬಹುದು. ಬುಕ್ ಮಾಡೋವಾಗ ಹೆರಿಟೇಜ್ ವಿಂಗ್ ಅಂತ ಕೇಳಿ, ಪಕ್ಕದ ವಿಕ್ಟರಿ ಅನೆಕ್ಸ್ 2013ರಲ್ಲಿ ಸೇರ್ಸಿದ್ದು. ಆನಿವರ್ಸರಿ ದಿನ ಮಾತ್ರ ನೀನು ಭಾವ ಇಬ್ರೇ ಬ್ಲೂ ಮಾನ್ಷನ್ನಲ್ಲಿ ಒಂದು ರಾತ್ರಿ ಇರಿ, ಟೂರ್ ಜನ ಹೋದ್ ಮೇಲೆ ಸಂಜೆ ಆ ಅಂಗಳ ನಿಮ್ಮದೇ. ಪುಟ್ಟಿ ಅಜ್ಜಿ ಜೊತೆ ಇರ್ತಾಳೆ, ಬೆಳಿಗ್ಗೆ ತಿಂಡಿಗೆ ವಾಪಸ್ ಬನ್ನಿ.

ಏಜೆಂಟ್ ಸೆವೆನ್ ಟೆರೇಸಸ್ ಅಂತಾನೂ ಹೇಳ್ಬಹುದು, ಚೆಂದ ಇದೆ, ಹಳೇ ಏಳು ಸಾಲು ಮನೆ ಸೇರ್ಸಿ ಮಾಡಿರೋದು, ಆದ್ರೆ ಅಲ್ಲಿ ಸ್ವೀಟುಗಳು ಕೆಳಗೆ ಕೂರೋ ಜಾಗ, ಮೇಲೆ ಮಲಗೋ ಜಾಗ, ರಾತ್ರಿ ಎದ್ದು ಮೆಟ್ಟಿಲು ಇಳಿಯೋದು ಅತ್ತೆಯವ್ರಿಗೆ ಆಗಲ್ಲ.

ಇ ಅಂಡ್ ಒ ಕಟ್ಟಿದ್ ಸಾರ್ಕೀಸ್ ಅಣ್ಣತಮ್ಮಂದಿರೇ, ಆರ್ಮೇನಿಯಾ ಮೂಲದೋರು, 1887ರಲ್ಲಿ ಸಿಂಗಾಪುರದ ರಾಫಲ್ಸ್ ಹೋಟೆಲ್ ಶುರು ಮಾಡಿದ್ದೂ. ಹಂಗಾಗಿ ಪೆನಾಂಗ್ ನೋಡ್ಕೊಂಡು ಇಲ್ಲಿಗೆ ಬಂದಾಗ ರಾಫಲ್ಸ್‌ಗೆ ಒಂದು ಸಂಜೆ ಕರ್ಕೊಂಡ್ ಹೋಗ್ತೀನಿ. ಅಲ್ಲಿ ರೂಮು ರಾತ್ರಿಗೆ ಸಾಮಾನ್ಯವಾಗಿ ಸಾವಿರ ಸಿಂಗಾಪುರ್ ಡಾಲರ್ ದಾಟುತ್ತೆ, ಅಷ್ಟು ಕೊಡ್ಬೇಕಾಗಿಲ್ಲ, ಲಾಂಗ್ ಬಾರಿಗೆ ಯಾರ್ ಬೇಕಾದ್ರೂ ಹೋಗ್ಬಹುದು. ಟೇಬಲ್ ಮೇಲೆ ಚೀಲದಲ್ಲಿ ಕಡ್ಲೆಕಾಯಿ ಇಟ್ಟಿರ್ತಾರೆ, ತಿಂದು ಸಿಪ್ಪೆ ನೆಲಕ್ಕೇ ಹಾಕೋದು ಅಲ್ಲಿನ ಪದ್ಧತಿ, ಕಾಲಿಟ್ಟಲ್ಲೆಲ್ಲ ಚರಚರ ಅನ್ನುತ್ತೆ. ಕುಡೀದೇ ಇರೋರಿಗೆ ಆಲ್ಕೋಹಾಲ್ ಇಲ್ಲದ್ದೂ ಸಿಗುತ್ತೆ. ಮರುದಿನ ಬೆಳಿಗ್ಗೆ ಸೆರಂಗೂನ್ ರೋಡಲ್ಲಿ ಎಂಟಿಆರ್ ತಿಂಡಿ, ಅತ್ತೆಯವ್ರಿಗೆ ರವೆ ಇಡ್ಲಿ.

ಬುಕ್ ಮಾಡೋ ಮುಂಚೆ ಇದೊಂದು ಗಮನಿಸಿ. ರೇಟ್ ಪಕ್ಕ ಎರಡು ಪ್ಲಸ್ ಗುರುತು ಇದ್ರೆ ಸರ್ವಿಸ್ ಚಾರ್ಜು ಟ್ಯಾಕ್ಸು ಸೇರಿಲ್ಲ ಅಂತ. ಥಾಯ್ಲೆಂಡಲ್ಲಿ ಮೊದ್ಲು ಹತ್ತು ಪರ್ಸೆಂಟ್ ಸರ್ವಿಸ್, ಅದೂ ಸೇರ್ಸಿ ಬಂದ ಮೊತ್ತದ ಮೇಲೆ ಏಳು ಪರ್ಸೆಂಟ್ ಟ್ಯಾಕ್ಸು, ಅಂದ್ರೆ 10,000 ಬಾತ್ ರೂಮು 11,770 ಆಗುತ್ತೆ, ಎರಡು ರೂಮು ನಾಲ್ಕು ರಾತ್ರಿಗೆ ಲೆಕ್ಕ ಹಾಕಿ ಎಷ್ಟಾಗುತ್ತೆ ಅಂತ. ಮಲೇಷ್ಯಾದಲ್ಲಿ ವಿದೇಶೀಯರಿಗೆ ರೂಮಿಗೆ ರಾತ್ರಿಗೆ ಹತ್ತು ರಿಂಗಿಟ್ ಟೂರಿಸಂ ಟ್ಯಾಕ್ಸ್ ಬೇರೆ. ಏಜೆಂಟ್ ಹತ್ರ ಎಲ್ಲ ಸೇರ್ಸಿ ಎಷ್ಟು ಅಂತ ಬರೆಸ್ಕೊಳ್ಳಿ. ಮತ್ತೆ ನೇರ ಹೋಟೆಲ್ಲಿಗೇ ಒಂದು ಮೇಲ್ ಹಾಕಿ ಕೇಳಿ, ನಮ್ಮ ರೂಮು ಯಾವ ಕಟ್ಟಡದಲ್ಲಿ, ಎಷ್ಟು ಮೆಟ್ಟಿಲು, ಕಿಟಕಿ ಯಾವ ಕಡೆಗೆ, ಸ್ನಾನಕ್ಕೆ ಟಬ್ ದಾಟಿ ಇಳೀಬೇಕಾ ಅಥವಾ ಶವರ್ ಬೇರೆ ಇದ್ಯಾ ಅಂತ. ಸಣ್ಣ ಹೋಟೆಲುಗಳು ಇದಕ್ಕೆ ಸರಿಯಾಗಿ ಉತ್ತರ ಕೊಡ್ತವೆ, ಕೊಟ್ಟಿಲ್ಲ ಅಂದ್ರೆ ಅಲ್ಲಿಗೆ ಹೋಗ್ಬೇಡಿ. ನನ್ ಫ್ರೆಂಡ್ ಒಬ್ಳು ಒಂದು ಊರಲ್ಲಿ, ಹೆಸ್ರು ಬೇಡ, ಹೆರಿಟೇಜ್ ಹೋಟೆಲ್ ಅಂತ ತಗೊಂಡ್ಲು, ಮುಂದ್ಗಡೆ ಗೋಡೆ ಮಾತ್ರ ಹಳೇದು, ಅವ್ಳ ರೂಮು ಹಿಂದೆ ಕಾಂಕ್ರೀಟ್ ಬ್ಲಾಕಲ್ಲಿ, ಕಿಟಕಿ ತೆಗೆದ್ರೆ ಜನರೇಟರು.

ಊಟದ ವಿಷ್ಯಾನೂ ಅದೇ ಮೇಲಲ್ಲಿ ಬರೀರಿ. ಬರೀ ವೆಜ್ ಅಂದ್ರೆ ಸಾಲ್ದು, ಮೀನಿನ ಸಾಸ್ ಬೇಡ, ಸೀಗಡಿ ಪೇಸ್ಟ್ ಬೇಡ, ಮೊಟ್ಟೆ ಬೇಡ ಅಂತ ಬಿಡಿಸಿ ಬರೀಬೇಕು. ಪೆನಾಂಗಲ್ಲಿ ಚಿಂತೆ ಇಲ್ಲ, ಲಿಟಲ್ ಇಂಡಿಯಾ ಅಲ್ಲೇ ಇದೆ, 1833ರ ಮಹಾಮಾರಿಯಮ್ಮನ್ ಗುಡಿ ಇದೆ, ಅತ್ತೆಯವ್ರಿಗೆ ಮನೆಗೆ ಬಂದಂಗಿರುತ್ತೆ. ಬ್ಯಾಂಕಾಕಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರೋ ಅಂಗಡಿ ನೋಡ್ಕೊಳ್ಳಿ, ಅದು ಶುದ್ಧ ವೆಜ್ ಅನ್ನೋ ಗುರುತು, ಅಲ್ಲಿ ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ಲ.

ಡೇಟ್ ಮಾತ್ರ ಬೇಗ ಹೇಳಿ. ಪುಷ್ಯ ಹುಣ್ಣಿಮೆ ಹೊತ್ತಿಗೆ ಪೆನಾಂಗಲ್ಲಿ ತೈಪೂಸಂ ಅಂತ ಮುರುಗನ್ ಹಬ್ಬ, ಬೆಳ್ಳಿ ರಥ ಬರುತ್ತೆ, ರಸ್ತೆ ತುಂಬಾ ತೆಂಗಿನಕಾಯಿ ಒಡೀತಾರೆ, ನೋಡೋಕೆ ಬೇಕು ಅಂದ್ರೆ ಆ ದಿನಕ್ಕೇ ಹೊಂದಿಸೋಣ, ಗದ್ದಲ ಬೇಡ ಅಂದ್ರೆ ಒಂದು ವಾರ ಮುಂಚೆ ಬನ್ನಿ. ಚಕ್ರಬೊಂಗ್ಸೆಗೆ ನಾನೇ ಇವತ್ತು ಮೇಲ್ ಹಾಕ್ತೀನಿ, ಕೆಳಗಿನ ರೂಮೇ ಬೇಕು ಅಂತ ಬರೀಲಾ, ಅತ್ತೆಯವ್ರು ಐದಾರು ಮೆಟ್ಟಿಲು ಹತ್ತುತಾರಾ ಈಗ?